ಬಾವು ಇಳಿದ ದಿನ

ಜುಲೈ ೬

ದಿನಾ ನಾಲ್ಕು ಸಾಲು ಬರೆಯಿರಿ, ಬೆರಳಿಗೆ ವ್ಯಾಯಾಮ ಆಗುತ್ತದೆ ಎಂದು ಸಂಧಿನೋವಿನ ಡಾಕ್ಟರು ಹೇಳಿದ್ದಾರೆ. ಏನು ಬರೆಯಲಿ ಅಂದರೆ, ತೋಚಿದ್ದು ಬರೆಯಿರಿ, ಯಾರೂ ಓದುವುದಿಲ್ಲ ಅಂದರು. ಯಾರೂ ಓದದಿದ್ದರೂ ದೇವರು ಓದುತ್ತಾನೆ. ಸುಳ್ಳು ಬರೆಯುವ ಹಾಗಿಲ್ಲ.

ಕೆಳಗೆ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಪ್ರಾರ್ಥನೆಯ ಪುಸ್ತಕಗಳ ಫಾರಂಗಳು, ಅಚ್ಚಾಗಿ ಮಡಚಿದ ಹಾಳೆಗಳು, ಬಂದು ಬಿದ್ದಿವೆ. ತಿಂಗಳ ಮಧ್ಯದೊಳಗೆ ಹೊಲಿದು, ರಟ್ಟು ಹಾಕಿ, ಒತ್ತಿ ಕೊಡುತ್ತೇನೆ ಎಂದು ಇವರು ಒಪ್ಪಿಕೊಂಡು ಬಂದಿದ್ದಾರೆ. ಒಪ್ಪಿಕೊಳ್ಳುವಾಗ ಹೊಲಿಯುವವರ ಮುಖ ನೋಡಬೇಕಿತ್ತು ಅಂದೆ. ನಿನ್ನ ಮುಖ ನೋಡಿದ್ದರೆ ಯಾವ ಕೆಲಸವನ್ನೂ ಒಪ್ಪುತ್ತಿರಲಿಲ್ಲ ಅಂದರು. ಮೂವತ್ತು ವರ್ಷದಿಂದ ಇದೇ ತಮಾಷೆ.

ಅಂಗಡಿಯ ಮೋಟು ಸ್ಟೂಲಿನ ಮೇಲೆ ಕೂತು ಹೊಲಿಯುತ್ತಿದ್ದವಳು ನಾನು. ಬೆರಳುಗಳು ಗಂಟು ಕಟ್ಟಿದ ಮೇಲೆ ದಬ್ಬಳ ಹಿಡಿಯಲು ಬರುವುದಿಲ್ಲ. ಈಗ ಅಲ್ಲಿ ಸೊಸೆ ಕೂರುತ್ತಾಳೆ. ನಾನು ಫಾರಂ ಜೋಡಿಸಿ ಕೊಡುತ್ತೇನೆ, ಅವಳು ಹೊಲಿಯುತ್ತಾಳೆ. ಹೊಲಿಗೆ ಚೆನ್ನಾಗಿದೆ, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಒಂದೊಂದು ಹೊಲಿಗೆಗೂ ದಾರ ಎಳೆದು, ಬೆರಳಾಡಿಸಿ ನೋಡಿ, ಮತ್ತೆ ಎಳೆಯುತ್ತಾಳೆ. ಮನಸ್ಸಿನಲ್ಲೇ ಅವಳಿಗೆ ನಿಧಾನಿ ಎಂದು ಹೆಸರಿಟ್ಟಿದ್ದೆ. ಮೊನ್ನೆ ಬಾಯಲ್ಲೂ ಬಂದುಬಿಟ್ಟಿತು. ಅವಳು ನಕ್ಕಳು. ನಕ್ಕುಬಿಟ್ಟರೆ ಬೈದ ಹಾಗೇ ಆಗುವುದಿಲ್ಲ.

ಜುಲೈ ೯

ನಿಧಾನಿ ಎಡಗೈಯ ತೋರುಬೆರಳಿಗೆ ದಬ್ಬಳ ಚುಚ್ಚಿಕೊಂಡಳು. ಹಾಳೆಯ ಮಡಿಕೆಯ ಒಳಗಿನಿಂದ ದಬ್ಬಳದ ಮೊನೆ ಕಾಯುವ ಬೆರಳು ಅದು. ನನಗೆ ಎಷ್ಟು ಸಲ ಚುಚ್ಚಿದೆಯೋ ಲೆಕ್ಕವಿಲ್ಲ. ಬಾಯಲ್ಲಿಟ್ಟು ಚೀಪಿ, ಸೆರಗಿಗೆ ಒರೆಸಿ, ಮತ್ತೆ ಹೊಲಿಯುತ್ತಿದ್ದೆ. ಇವಳು ಎದ್ದು ಹೋಗಿ ಸೋಪು ಹಾಕಿ ತೊಳೆದು, ಬಟ್ಟೆ ಸುತ್ತಿಕೊಂಡು, ಆಮೇಲೆ ಬಂದು ಕೂತಳು. ಅಷ್ಟು ಹೊತ್ತಿಗೆ ಒಂದು ಪುಸ್ತಕ ಮುಗಿಯುತ್ತಿತ್ತು.

ಜುಲೈ ೧೦

ಬೆರಳು ಊದಿದೆ. ಕೆಂಪಗಾಗಿ, ಮುಟ್ಟಿದರೆ ಬೆಚ್ಚಗಿದೆ. ದಬ್ಬಳ ಹಿಡಿಯಲು ಆಗುತ್ತಿಲ್ಲ ಅಂದಳು. ಇವರ ಮುಖ ಸಣ್ಣದಾಯಿತು.

ನನ್ನ ಕೀಲುಗಳು ಊದಿದಾಗಲೂ ಹೀಗೇ ಕೆಂಪು, ಹೀಗೇ ಬಿಸಿ. ಅದಕ್ಕೆ ಡಾಕ್ಟರು ಕೊಟ್ಟ ಬಿಳಿ ಮಾತ್ರೆ ಇದೆ. ನುಂಗಿದ ಮಾರನೆಯ ದಿನವೇ ಕೈ ಹಗುರಾಗುತ್ತದೆ, ದೇವರೇ ಮುಟ್ಟಿದ ಹಾಗೆ. ಬಾವು ಅಂದರೆ ಬಾವು. ಡಬ್ಬಿ ತಂದು ಎರಡು ಮಾತ್ರೆ ಅವಳ ಅಂಗೈಗೆ ಹಾಕಿದೆ.

"ಡಾಕ್ಟರ್‌ನ ಒಂದ್ಸಲ ಕೇಳೋಣ್ವಾ ಅತ್ತೆ?"

"ನಾನು ದಿನಾ ನುಂಗ್ತಿಲ್ವಾ? ನಂಗೇನಾಗಿದೆ?"

ಅವಳು ನುಂಗಿದಳು. ಬೆಳಿಗ್ಗೆ ಎರಡು, ಸಂಜೆ ಎರಡು ಕೊಡಬೇಕು. ನನಗೆ ದಿನಕ್ಕೆ ಒಂದೇ, ಆದರೆ ಅವಳು ವಯಸ್ಸಿನವಳು, ತಡೆದುಕೊಳ್ಳುತ್ತಾಳೆ. ಕೆಲಸವೂ ನಿಲ್ಲುವಂತಿಲ್ಲ.

ಜುಲೈ ೧೨

ಬಾವು ಇಳಿಯಿತು. ಭಗವಂತ ದೊಡ್ಡವನು.

ಕೆಂಪು ಎಲ್ಲಿ ಹೋಯಿತೋ ತಿಳಿಯದು. ಬೆರಳು ಮೊದಲಿನ ಹಾಗೇ ಆಗಿದೆ. ನೋಡಿ, ನಾನು ಹೇಳಲಿಲ್ಲವಾ ಅಂತ ಇವರಿಗೆ ಅಂದೆ. ನೀನು ಅಂಗಡಿ ಮುಚ್ಚಿ ದವಾಖಾನೆ ತೆಗಿ ಅಂದರು. ಖುಷಿಯಾಯಿತು.

ಸೊಸೆ ಸ್ಟೂಲಿನ ಮೇಲೆ ಕೂತು ಮಧ್ಯಾಹ್ನದವರೆಗೂ ಹೊಲಿದಳು. ಆಮೇಲೆ ಮೊಣಕೈವರೆಗೂ ನೋವು ಅನ್ನಲು ಶುರು ಮಾಡಿದಳು. ಎಲ್ಲಿ ತೋರಿಸು ಅಂದರೆ ತೋರಿಸಲು ಏನೂ ಇಲ್ಲ. ಕೈ ನೋಡಿದರೆ ನನ್ನ ಕೈಗಿಂತ ಚೆನ್ನಾಗಿದೆ. ಕಣ್ಣಿಗೆ ಕಾಣದ ನೋವಿಗೆ ನಾನು ಯಾವ ಮಾತ್ರೆ ಕೊಡಲಿ? ರಾತ್ರಿ ಊಟ ಬೇಡ ಅಂದಳು. ಹಟ ಮಾಡುತ್ತಿದ್ದಾಳೆ ಅನ್ನಿಸಿತು. ಮಾತ್ರೆ ಮಾತ್ರ ನುಂಗಿಸಿದೆ.

ಜುಲೈ ೧೩

ಬೆಳಿಗ್ಗೆ ಎದ್ದವಳು ಬಚ್ಚಲ ಬಾಗಿಲಲ್ಲಿ ಬಿದ್ದಳು. ಮೈ ಕೆಂಡ. ಕತ್ತು, ಎದೆಯೆಲ್ಲ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗಿತ್ತು. ನಾವು ಯಾರು ಎಂದರೆ ಯಾರ ಗುರುತೂ ಹತ್ತಲಿಲ್ಲ. ಮಗ ಎತ್ತಿಕೊಂಡು ಮೆಟ್ಟಿಲು ಇಳಿದ. ಫಾರಂಗಳ ಕಟ್ಟಿನ ಮೇಲೆ ಕಾಲಿಟ್ಟೇ ಹೋದ. ಇವರು ಕಟ್ಟನ್ನು ಬದಿಗೆ ತಳ್ಳಿ ಹಿಂದೆಯೇ ಓಡಿದರು.

ಈಗ ತೀವ್ರ ನಿಗಾ ಘಟಕದಲ್ಲಿ ಇಟ್ಟಿದ್ದಾರೆ. ರಕ್ತದೊತ್ತಡ ನಿಲ್ಲುತ್ತಿಲ್ಲವಂತೆ. ಗಂಟಲಿಗೆ ಕೊಳವೆ ಹಾಕಿದ್ದಾರೆ.

ಕನ್ನಡಕದ ಡಾಕ್ಟರಮ್ಮ ಒಬ್ಬಳು ಹೊರಗೆ ಬಂದು, ಗಾಯ ಏನಾದರೂ ಆಗಿತ್ತಾ, ಏನಾದರೂ ಔಷಧಿ ತಗೊಂಡಿದ್ದಾರಾ ಎಂದು ಕೇಳಿದಳು. ಬೆರಳಿಗೆ ಸೂಜಿ ಚುಚ್ಚಿತ್ತು, ಔಷಧಿ ಏನೂ ಇಲ್ಲ ಎಂದು ಮಗ ಹೇಳಿದ. ಅವನಿಗೆ ಗೊತ್ತಿಲ್ಲ, ಅವನು ಮೂರು ದಿನ ಕಾಗದದ ಗಿರಣಿಗೆ ಹೋಗಿದ್ದ. ನಾನು ಪಕ್ಕದಲ್ಲೇ ಇದ್ದೆ. ಬೀಗಿತ್ತಿಯೂ ಇದ್ದರು, ನನ್ನ ಮುಖವನ್ನೇ ನೋಡುತ್ತಿದ್ದರು. ಡಾಕ್ಟರಮ್ಮ ಕೇಳಿದ್ದು ಔಷಧಿ. ನಾನು ಕೊಟ್ಟದ್ದು ಬಾವಿನ ಮಾತ್ರೆ, ಮನೆಯಲ್ಲಿದ್ದದ್ದು. ಬಾವು ಇಳಿದೂ ಆಗಿತ್ತು. ಅದಕ್ಕೂ ಇದಕ್ಕೂ ಏನು?

ಜುಲೈ ೧೪

ಬೀಗಿತ್ತಿಗೆ ಮೊದಲಿಂದಲೂ ದೊಡ್ಡ ಬಾಯಿ. ಬೆಳಿಗ್ಗೆ ಕಾರಿಡಾರಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, ಕತ್ತೆ ಹಾಗೆ ದುಡಿಸಿದ್ದಾರೆ ನನ್ನ ಮಗಳನ್ನ ಅಂದರು. ನಾನೂ ಬಿಡಲಿಲ್ಲ. ನಾಲ್ಕು ಪುಸ್ತಕ ಹೊಲಿಯೋಕೆ ನಾಲ್ಕು ಸಲ ಎದ್ದು ಹೋಗೋಳನ್ನ ಯಾರು ದುಡಿಸ್ತಾರೆ ಅಂದೆ. ನರ್ಸು ಬಂದು ಇಬ್ಬರನ್ನೂ ಗದರಿಸಿ ಬೇರೆ ಬೇರೆ ಬೆಂಚಿಗೆ ಕೂರಿಸಿದಳು, ಶಾಲೆಯ ಮಕ್ಕಳ ಹಾಗೆ.

ಮಗ ಇಬ್ಬರ ಕಡೆಗೂ ನೋಡಲಿಲ್ಲ. ಗಾಜಿನ ಬಾಗಿಲಿಗೆ ಹಣೆ ಒತ್ತಿಕೊಂಡು ನಿಂತಿದ್ದ.

ಸಂಜೆ ಡಾಕ್ಟರಮ್ಮ ಮತ್ತೆ ಬಂದಳು. ಕ್ರಿಮಿ ವಿಷ ಬಿಟ್ಟಿದೆ, ಆ ವಿಷ ರಕ್ತಕ್ಕೆ ಸೇರಿದೆ ಅಂದಳು. ಎಲ್ಲಿ ಕೂತು ಬಿಡುತ್ತಿದೆ ಎಂಬುದೇ ತಿಳಿಯುತ್ತಿಲ್ಲ. ಕೈಯಲ್ಲೇ ಇರಬೇಕು, ಆದರೆ ಕೈಯಲ್ಲಿ ಬಾವಿಲ್ಲ, ಕೆಂಪು ಇಲ್ಲ. ಇಷ್ಟು ಚೆನ್ನಾಗಿ ಕಾಣೋ ಕೈಯನ್ನ ಕೊಯ್ಯಲು ಶಸ್ತ್ರಚಿಕಿತ್ಸೆಯ ಡಾಕ್ಟರು ಹಿಂಜರಿಯುತ್ತಿದ್ದಾರಂತೆ. ಬೆಳಿಗ್ಗೆವರೆಗೆ ನೋಡೋಣ ಅಂದಿದ್ದಾರೆ. ಡಾಕ್ಟರಮ್ಮನಿಗೆ ಮಾತ್ರ ಅಷ್ಟು ಹೊತ್ತು ಕಾಯಲು ಮನಸ್ಸಿಲ್ಲ, ಮುಖ ನೋಡಿದರೇ ಗೊತ್ತಾಗುತ್ತದೆ.

ಬಾವಿಲ್ಲ ಅಂದದ್ದು ಕೇಳಿ, ಮನೆಗೆ ಬಂದು ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿದೆ. ಪ್ರಾರ್ಥನೆಗೆ ಕೂತರೆ ಮುಂದಿನ ಸಾಲು ಬರುತ್ತಿಲ್ಲ. ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ.

ಜುಲೈ ೧೫

ಹೇಳಿದೆ.

ಬೆಳಕು ಹರಿಯುತ್ತಲೇ ಹೋದೆ. ಡಾಕ್ಟರಮ್ಮ ಒಳಗಿಂದ ಬರುತ್ತಿದ್ದಳು, ಜೊತೆಗೆ ಶಸ್ತ್ರಚಿಕಿತ್ಸೆಯ ದೊಡ್ಡ ಡಾಕ್ಟರು. ಬೀಗಿತ್ತಿ, ಮಗ, ಇವರು, ಎಲ್ಲರೂ ಅಲ್ಲೇ ಇದ್ದರು. ಡಾಕ್ಟರಮ್ಮ ಒಬ್ಬಳನ್ನೇ ಕರೆದು ಹೇಳೋಣ ಅಂದುಕೊಂಡು ಹೋಗಿದ್ದೆ. ಆದರೆ ಕಾಲು ಅಲ್ಲೇ ನಿಂತಿತು, ಬಾಯಿ ಅಲ್ಲೇ ತೆರೆಯಿತು.

"ನನ್ನ ಬಾವಿನ ಮಾತ್ರೆ ಅವಳಿಗೆ ಕೊಟ್ಟಿದ್ದೆ. ಮೂರು ದಿನ. ದಿನಕ್ಕೆ ನಾಲ್ಕು."

ಡಬ್ಬಿಯನ್ನು ಸೆರಗಿನಿಂದ ತೆಗೆದು ಕೊಟ್ಟೆ. ಡಾಕ್ಟರಮ್ಮ ಅದರ ಮೇಲಿನ ಚೀಟಿ ಓದಿ ದೊಡ್ಡ ಡಾಕ್ಟರ ಕೈಗೆ ಕೊಟ್ಟಳು. ಅವರು ಓದಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕೈ ನಮಗೆ ಸುಳ್ಳು ಹೇಳ್ತಿದೆ. ಈಗಲೇ ತೆರೆಯೋಣ" ಅಂದು, ಡಬ್ಬಿ ನನಗೆ ವಾಪಸು ಕೊಟ್ಟು, ಇಬ್ಬರೂ ಓಡುವ ಹಾಗೆ ಒಳಗೆ ಹೋದರು.

ಬೀಗಿತ್ತಿ ಎದ್ದು ಬಂದು ನನ್ನ ಮುಂದೆ ನಿಂತರು. ಕೂಗಾಡುತ್ತಾರೆ ಅಂದುಕೊಂಡೆ. ಮೆಲ್ಲಗೆ ಕೇಳಿದರು.

"ನೀವೇ ಅವಳ ಬಾಯಿಗೆ ಹಾಕಿದ್ರಾ?"

"ಹೌದು. ನಾನೇ."

ಮಗ ನನ್ನ ಕಡೆ ತಿರುಗಿ ನೋಡಿದ. ಅವನು ಹುಟ್ಟಿದಾಗಿನಿಂದ ನಾನು ನೋಡಿದ ಮುಖ, ಆ ನೋಟ ಮಾತ್ರ ನೋಡಿರಲಿಲ್ಲ.

ಮಧ್ಯಾಹ್ನ ಕೊಯ್ದು ಹೊರಗೆ ಬಂದರು. ಚರ್ಮದ ಕೆಳಗೆ ಮುಂಗೈವರೆಗೂ ಕೊಳೆತಿತ್ತಂತೆ. ಮೇಲೆ ಏನೂ ಕಾಣುತ್ತಿರಲಿಲ್ಲ. ಕೊಳೆತದ್ದನ್ನೆಲ್ಲ ತೆಗೆದಿದ್ದಾರೆ. ತೋರುಬೆರಳು ಹೋಯಿತು. ಜೀವದ ಮಾತು ಇನ್ನೂ ಹೇಳುವಂತಿಲ್ಲ.

ದೇವರೇ, ಅವಳು ತನ್ನ ಕಾಲ ಮೇಲೆ ನಡೆದು ಮನೆಗೆ ಬರುವವರೆಗೂ ನಾನು ಈ ಮಾತ್ರೆ ಮುಟ್ಟುವುದಿಲ್ಲ. ಅವಳ ನೋವು ನನಗಿರಲಿ.

ಜುಲೈ ೧೬

ಡಾಕ್ಟರಮ್ಮನನ್ನು ತಡೆದು ನಿಲ್ಲಿಸಿ ಕೇಳಿದೆ. ನಾನು ಮಾಡಿದ್ದು ಏನು, ನನಗೆ ಅರ್ಥವಾಗುವ ಹಾಗೆ ಹೇಳು ಅಂದೆ. ಅವಳಿಗೆ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಆದರೂ ನನ್ನ ಪಕ್ಕದಲ್ಲಿ ಕೂತಳು.

ಅವಳು ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಮೈಯೊಳಗಿನ ಜೀವಕಣಗಳು ಒಂದಕ್ಕೊಂದು ಸುದ್ದಿ ಕಳಿಸುತ್ತಲೇ ಇರುತ್ತವಂತೆ. ಆ ಸುದ್ದಿ ಒಯ್ಯುವ ಸಣ್ಣ ಸಣ್ಣ ವಸ್ತುಗಳಿಗೆ ಸೈಟೊಕೈನ್ ಎಂದು ಹೆಸರು. ಕ್ರಿಮಿ ಹೊಕ್ಕ ಕಡೆ ಇವು ಮೈಯ ಕಾವಲಿನ ಕಣಗಳನ್ನು ಬನ್ನಿ ಬನ್ನಿ ಎಂದು ಕೂಗುತ್ತವೆ. ಆಗ ರಕ್ತ ಅಲ್ಲಿಗೆ ನುಗ್ಗುತ್ತದೆ, ಕಾವು ಏರುತ್ತದೆ, ಊದುತ್ತದೆ. ಅದೇ ಬಾವು. ಕೂಗುವವೂ ಇವೆ, ಸಾಕು ಇನ್ನು ಹೋಗಿ ಎಂದು ಸುಮ್ಮನಾಗಿಸುವವೂ ಇವೆ. ಎರಡೂ ಹದದಲ್ಲಿದ್ದರೆ ಗಾಯ ವಾಸಿಯಾಗುತ್ತದೆ.

ನನ್ನ ಮಾತ್ರೆ ಕೂಗುವವುಗಳ ಬಾಯಿ ಕಟ್ಟಿತು. ಕಾವಲಿನವರು ಬರಲೇ ಇಲ್ಲ. ಕ್ರಿಮಿ ನೆಮ್ಮದಿಯಾಗಿ ಬೆಳೆಯಿತು. ಬೆಳೆದು ವಿಷ ಬಿಟ್ಟಿತು. ಈ ವಿಷ ಎಂಥದ್ದೆಂದರೆ, ಮೈಯಲ್ಲಿರುವ ಕಾವಲಿನವರನ್ನೆಲ್ಲ ಒಟ್ಟಿಗೆ ಎಬ್ಬಿಸಿ ಕೂಗಿಸಿಬಿಡುತ್ತದಂತೆ. ಅಷ್ಟು ಜೋರು ಕೂಗಿಗೆ ನನ್ನ ಮಾತ್ರೆ ಯಾವ ಲೆಕ್ಕ. ಇಡೀ ಮೈಯ ರಕ್ತನಾಳಗಳು ಸೋರಲು ಶುರುವಾದವು, ರಕ್ತದೊತ್ತಡ ಕುಸಿಯಿತು. ಕೊಲ್ಲುತ್ತಿರುವುದು ವಿಷವೋ, ನಮ್ಮದೇ ಕೂಗೋ ಎಂದು ಬೇರೆ ಮಾಡಿ ಹೇಳುವುದು ಕಷ್ಟ ಅಂದಳು.

"ಬಾವು ಇಳೀತು ಅಂದ್ರೆ ಕಾಯಿಲೆ ಇಳೀತು ಅಂತಲ್ಲಮ್ಮ. ಸುದ್ದಿ ನಿಂತಿತ್ತು, ಅಷ್ಟೇ."

ಹಾಗಾದರೆ ನನಗೆ ಯಾಕೆ ಆ ಮಾತ್ರೆ ಅಂದೆ. ನಿಮ್ಮ ಕೀಲುಗಳಲ್ಲಿ ಯಾವ ಕ್ರಿಮಿಯೂ ಇಲ್ಲ, ಶತ್ರು ಇಲ್ಲದೆಯೇ ಅವು ಕೂಗುತ್ತಿವೆ, ಸುಮ್ಮನಿರಿಸಲೇಬೇಕು ಅಂದಳು. ನಿನ್ನೆಯ ನನ್ನ ಹರಕೆಯ ವಿಷಯ ಅವಳಿಗೆ ಹೇಳಲಿಲ್ಲ. ಅದು ನನಗೂ ದೇವರಿಗೂ ಇರುವ ಮಾತು.

ಹನ್ನೆರಡರಂದು ಇಲ್ಲಿ ಏನು ಬರೆದೆ ಎಂದು ಮತ್ತೆ ಓದಿದೆ. ಭಗವಂತ ದೊಡ್ಡವನು ಅಂತ ಬರೆದಿದ್ದೇನೆ. ಅವಳು ಮೊಣಕೈ ನೋವು ಅಂತ ಹೇಳುತ್ತಲೇ ಇದ್ದಳು. ಆ ಒಂದು ಸುದ್ದಿಯ ಬಾಯಿ ಕಟ್ಟಿದ್ದು ಮಾತ್ರೆಯಲ್ಲ, ನಾನು.

ಜುಲೈ ೧೭

ಇವತ್ತು ನರ್ಸು ಹೊಸ ಔಷಧಿ ಏರಿಸುತ್ತಿದ್ದಳು. ಏನದು ಅಂದೆ. ಸ್ಟೀರಾಯ್ಡ್ ಅಂದಳು. ನನ್ನ ಡಬ್ಬಿಯ ಚೀಟಿಯ ಮೇಲೆ ಡಾಕ್ಟರಮ್ಮ ಬೆರಳಿಟ್ಟು ಓದಿದ ಅದೇ ಪದ. ಬೇಡ, ಬೇಡ ಎಂದು ಕೊಳವೆ ಹಿಡಿಯಲು ಹೋದೆ. ನರ್ಸು ಗಾಬರಿಯಾಗಿ ಡಾಕ್ಟರಮ್ಮನನ್ನು ಕರೆದಳು.

ಆಗ ಅದು ಬೇಡವಾಗಿತ್ತು, ಈಗ ಬೇಕು ಅಂದಳು ಅವಳು. ಕೊಳೆತದ್ದು ತೆಗೆದಾಗಿದೆ, ಕ್ರಿಮಿಗೆ ಮದ್ದು ಹೋಗುತ್ತಿದೆ. ರಕ್ತದೊತ್ತಡ ಮಾತ್ರ ಇನ್ನೂ ಏಳುತ್ತಿಲ್ಲ. ಅದಕ್ಕೆ ಅಳತೆ ಮಾಡಿ, ಗಂಟೆಗೊಮ್ಮೆ ನೋಡಿಕೊಂಡು ಕೊಡುತ್ತಿದ್ದಾರೆ. ಅಳತೆ ಅನ್ನುವಾಗ ಒಂದು ಕ್ಷಣ ನಿಂತು ನನ್ನನ್ನು ನೋಡಿದಳು.

ನಾನು ಕೈ ಬಿಟ್ಟೆ. ನಮ್ಮ ಹುಡುಗಿಯ ಕಾಲು ಹೊದಿಕೆಯ ಹೊರಗಿತ್ತು. ತಣ್ಣಗಿತ್ತು. ಹೊದಿಸಿದೆ.

ಜುಲೈ ೧೮

ನನ್ನ ಬೆರಳು ಬಗ್ಗುತ್ತಿಲ್ಲ. ಇಷ್ಟೇ.

ಜುಲೈ ೨೦

ರಕ್ತದೊತ್ತಡ ತಾನಾಗಿಯೇ ನಿಂತಿದೆಯಂತೆ. ಗಂಟಲಿನ ಕೊಳವೆ ತೆಗೆದರು.

ಬೀಗಿತ್ತಿ ಈ ದಿನಗಳಲ್ಲಿ ನನ್ನೊಡನೆ ಮಾತಾಡಿಲ್ಲ. ಕಾರಿಡಾರಿನಲ್ಲಿ ಯಾರೋ ಅವರ ಕಡೆಯವರು ಇದೇ ಹೆಂಗಸಾ ಎಂದು ನನ್ನನ್ನು ತೋರಿಸಿ ಜೋರಾಗಿ ಕೇಳಿದರು. ನನಗೂ ಉತ್ತರ ಬರುತ್ತಿತ್ತು. ಸುಮ್ಮನೆ ಕೂತೆ. ಜಗಳಕ್ಕೆ ಶಕ್ತಿಯೂ ಇರಲಿಲ್ಲ, ಎದ್ದರೆ ಕಣ್ಣು ಕತ್ತಲೆ ಬರುತ್ತದೆ, ತಿಂದದ್ದು ನಿಲ್ಲುತ್ತಿಲ್ಲ. ಮಗ ಬಂದು, ಅಮ್ಮ ಮನೆಗೆ ಹೋಗು ಅಂದ. ನಾನು ಒಪ್ಪಿಕೊಂಡ ದಿನದಿಂದ ಅವನು ನನ್ನ ಜೊತೆ ಆಡಿದ ಮೊದಲ ಮಾತು.

ಇವರು ಪುಸ್ತಕಗಳನ್ನು ಬೇರೆ ಅಂಗಡಿಯವರಿಗೆ ಕೊಟ್ಟುಬಿಟ್ಟರಂತೆ. ನನಗೆ ಹೇಳುವುದನ್ನೇ ಮರೆತಿದ್ದರು. ನಾನೂ ಕೇಳುವುದನ್ನು ಮರೆತಿದ್ದೆ.

ಜುಲೈ ೨೨

ಎರಡು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದಿದ್ದೇನೆ, ಮಗುವಿನ ಹಾಗೆ. ದೇವರು ಕೊಡುತ್ತಿರುವುದನ್ನು ತೆಗೆದುಕೊಳ್ಳುತ್ತಿದ್ದೇನೆ.

ಜುಲೈ ೨೩

ರಾತ್ರಿಯೆಲ್ಲ ಹಿಡಿದರೂ ಇವತ್ತಿನದನ್ನು ಬರೆಯಲೇಬೇಕು. ಅವಳನ್ನು ವಾರ್ಡಿಗೆ ತಂದರು. ಎಚ್ಚರವಿದ್ದಾಳೆ. ಒಳಗೆ ಹೋಗಲು ಹೆದರಿಕೆಯಾಗಿ ಬಾಗಿಲ ಬಳಿ ನಿಂತೆ. ಅಲ್ಲಿ ಇದ್ದದ್ದು ಒಂದೇ ಕುರ್ಚಿ, ಅದರ ಮೇಲೆ ಬೀಗಿತ್ತಿಯ ಚೀಲ. ಬೀಗಿತ್ತಿ ನನ್ನನ್ನು ನೋಡಿದರು. ಆಮೇಲೆ ಚೀಲ ತೆಗೆದು ನೆಲದ ಮೇಲಿಟ್ಟರು.

ಕೂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು ಒಂದೂ ನೆನಪಾಗಲಿಲ್ಲ. ನಿನ್ನ ಮಾತು ನಾನು ಕೇಳಬೇಕಿತ್ತು ಅಂತ ಮಾತ್ರ ಅಂದೆ. ಅವಳು ತನ್ನ ಬ್ಯಾಂಡೇಜು ಸುತ್ತಿದ ಎಡಗೈ ನೋಡಿಕೊಂಡಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಅನ್ನದಿದ್ದದ್ದೇ ಸರಿ.

ಆಮೇಲೆ ಅವಳ ಕಣ್ಣು ನನ್ನ ಕೈಗೆ ಬಂತು. ನಾನು ಸೆರಗಿನೊಳಗೆ ಮುಚ್ಚಿಕೊಂಡೆ, ಆದರೆ ಅಷ್ಟರಲ್ಲಿ ನೋಡಿಬಿಟ್ಟಿದ್ದಳು. ನಮ್ಮ ಮಗುವಿನ ಕಣ್ಣಿನಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ. ಒಂದೊಂದು ಹೊಲಿಗೆಗೂ ಬೆರಳಾಡಿಸಿ ನೋಡುವವಳಲ್ಲವೇ.

"ಅತ್ತೆ, ಮಾತ್ರೆ ನುಂಗ್ತಿಲ್ವಾ?"

ಸುಳ್ಳು ಹೇಳಲು ಬರಲಿಲ್ಲ. ಹರಕೆ ಅಂದೆ. ನೀನು ಮನೆಗೆ ಬರುವವರೆಗೆ ಅಂದೆ. ಅವಳು ಕಣ್ಣು ಮುಚ್ಚಿಕೊಂಡಳು. ದಣಿದಿದ್ದಾಳೆ ಎಂದು ಎದ್ದು ಬಂದೆ. ಬಾಗಿಲ ಹತ್ತಿರ ಕಾಲು ತಡವರಿಸಿತು, ಬೀಗಿತ್ತಿ ತೋಳು ಹಿಡಿದರು.

ಜುಲೈ ೨೪

ಬೆಳಿಗ್ಗೆ ಇವರು ಡಬ್ಬಿಯನ್ನು ಜೇಬಿಗೆ ಹಾಕಿಕೊಳ್ಳುವುದು ಕಂಡಿತು. ಯಾಕೆ ಅಂದರೆ, ಅಪ್ಪಣೆಯಾಗಿದೆ ಅಂದರು. ಯಾರ ಅಪ್ಪಣೆ ಎಂದರೆ ಹೇಳಲಿಲ್ಲ.

ವಾರ್ಡಿಗೆ ಹೋದರೆ ಕನ್ನಡಕದ ಡಾಕ್ಟರಮ್ಮ ಅಲ್ಲೇ ಕಾಯುತ್ತಿದ್ದಳು. ಹುಡುಗಿ ಎಲ್ಲ ಹೇಳಿಬಿಟ್ಟಿದ್ದಾಳೆ. ಕೈ ಹಿಡಿದು ನಾಡಿ ನೋಡಿದಳು, ರಕ್ತದೊತ್ತಡ ನೋಡಿದಳು, ರಕ್ತ ತೆಗೆದಳು. ಮೊದಲ ಸಲ ನನಗೆ ಬೈದಳು. ವರ್ಷಗಟ್ಟಲೆ ನುಂಗಿದ ಮಾತ್ರೆಯನ್ನು ಹೀಗೆ ಒಮ್ಮೆಲೇ ಬಿಟ್ಟರೆ ನೀವೇ ಬಿದ್ದು ಸಾಯುತ್ತೀರಿ, ಕಣ್ಣು ಕತ್ತಲೆ ಬರುತ್ತಿಲ್ಲವಾ, ವಾಂತಿ ಆಗುತ್ತಿಲ್ಲವಾ ಅಂದಳು. ಎಲ್ಲ ಆಗುತ್ತಿದೆ ಅಂದೆ. ಅದು ದೇವರು ಕೊಟ್ಟದ್ದು ಅಂದುಕೊಂಡಿದ್ದೆ ಅಂದೆ. ಅವಳು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು. ಮತ್ತೆ ಬೈಯಲಿಲ್ಲ. ಮಧ್ಯಾಹ್ನ ಇನ್ನೊಮ್ಮೆ ರಕ್ತದೊತ್ತಡ ನೋಡುತ್ತೇನೆ, ಅಲ್ಲಿಯವರೆಗೆ ಎಲ್ಲೂ ಹೋಗಬೇಡಿ ಅಂದಳು. ಎಷ್ಟು ನುಂಗಬೇಕು ಎಂಬುದನ್ನು ಹುಡುಗಿಗೇ ಹೇಳಿ ಹೋದಳು. ನನಗೆ ಹೇಳಲಿಲ್ಲ.

ಇವರು ಡಬ್ಬಿಯನ್ನು ಹಾಸಿಗೆಯ ಮೇಲಿಟ್ಟರು.

ನಾನು ದೇವರಿಗೆ ಮಾತು ಕೊಟ್ಟಿದ್ದೇನೆ ಅಂದೆ. ಅಷ್ಟು ದಿನ ಕೊಳವೆ ಇದ್ದದ್ದರಿಂದ ಹುಡುಗಿಯ ಧ್ವನಿ ಇನ್ನೂ ಒರಟಾಗಿದೆ, ಒಂದೊಂದೇ ಮಾತು ಹೊರಡುತ್ತದೆ.

"ನನ್ನ ನೋವು ನನಗೇ ಇದೆ ಅತ್ತೆ. ನೀವು ತಗೊಂಡ್ರೂ ಅದೇನು ಕಮ್ಮಿ ಆಗಿಲ್ಲ. ಈಗ ಎರಡಾಯ್ತು, ಅಷ್ಟೇ."

ಇದಕ್ಕೆ ದೇವರ ಹತ್ತಿರ ಉತ್ತರ ಇದೆಯೋ ಇಲ್ಲವೋ.

ಡಬ್ಬಿ ತೆಗೆದುಕೊಂಡೆ. ಅದರ ಮುಚ್ಚಳವನ್ನು ಒತ್ತಿ ತಿರುಗಿಸಬೇಕು. ಬೆರಳಲ್ಲಿ ಶಕ್ತಿಯಿಲ್ಲ, ಜಾರುತ್ತಿತ್ತು. ಇವರು ತೆಗೆಯಲು ಕೈ ಚಾಚಿದರು. ಅವಳು ಬಲಗೈಯಿಂದ ತಡೆದಳು. ಹಿಡ್ಕೊಳ್ಳಿ ಅಂದಳು ನನಗೆ. ಎರಡೂ ಅಂಗೈಗಳ ನಡುವೆ ಡಬ್ಬಿಯನ್ನು ಒತ್ತಿ ಹಿಡಿದೆ. ಅವಳು ಒಂದೇ ಕೈಯಲ್ಲಿ ಮುಚ್ಚಳ ಒತ್ತಿದಳು, ತಿರುಗಿಸಿದಳು. ಒಮ್ಮೆ ಜಾರಿತು. ನಾನು ಇನ್ನೂ ಬಿಗಿಯಾಗಿ ಹಿಡಿದೆ. ನೋವಿಗೆ ಕಣ್ಣಲ್ಲಿ ನೀರು ಬಂತು. ಬೀಗಿತ್ತಿ ಉಸಿರು ಹಿಡಿದು ನೋಡುತ್ತಿದ್ದರು. ಎರಡನೆಯ ಸಲ ಬಿಚ್ಚಿಕೊಂಡಿತು.

ಅವಳು ಮಾತ್ರೆಯನ್ನು ನನ್ನ ಅಂಗೈಗೆ ಹಾಕಿದಳು. ನಾನು ಅದನ್ನೇ ನೋಡುತ್ತಾ ಕೂತೆ. ಅಷ್ಟು ಚಿಕ್ಕದು, ಅಷ್ಟು ಬಿಳಿ.

"ನುಂಗಿ ಅತ್ತೆ," ಅಂದಳು. "ಈ ಸಲ ಡಾಕ್ಟರ್‌ನ ಕೇಳಿದೀನಿ."

ಬೀಗಿತ್ತಿ ನೀರಿನ ಲೋಟ ಕೊಟ್ಟರು. ನುಂಗಿದೆ.